ಟವೆಲ್ ಮೇಲಿನ ಹೆಬ್ಬಾತು

ಬಿಯಾನ್ ಮೇಸ್ತ್ರಿಯ ಮುಖ ನೆನಪಿಟ್ಟುಕೊಂಡವರು ಕಡಿಮೆ. ಕೈಯನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ. ಅದು ಅರವತ್ತರ ಹತ್ತಿರ ಬಂದ ಗಂಡಸಿನ ಕೈ ಎಂದರೆ ನಂಬುವ ಹಾಗಿರಲಿಲ್ಲ. ಗಂಟಿಲ್ಲ, ಬಿರುಕಿಲ್ಲ, ಒರಟಿಲ್ಲ. ಹದಿನಾರನೇ ವಯಸ್ಸಿನಿಂದ ದಿನಕ್ಕೆ ಎಂಟು ತಾಸು ಬಿಸಿನೀರಿನಲ್ಲಿ ನೆಂದು ನೆಂದು, ಆಗಷ್ಟೇ ಹುಟ್ಟಿದ ಕೂಸಿನ ಅಂಗಾಲಿನಂತಾಗಿತ್ತು. ಆ ಕೈಗೆ ಒದ್ದೆ ಟವೆಲ್ ಸುತ್ತಿ ಬೆನ್ನ ಮೇಲಿಟ್ಟರೆ ಸಾಕು, ವರ್ಷದ ಕೊಳೆಯೂ ತಕರಾರಿಲ್ಲದೆ ಎದ್ದು ಬರುತ್ತಿತ್ತು.

ಯಾಂಗ್‌ಜೌ ಊರಿನ ಪೂರ್ವ ಬಾಗಿಲಿನ ಓಣಿಯಲ್ಲಿ ಹಳೇ ಬಾವಿ ಸ್ನಾನಮನೆ ಇತ್ತಲ್ಲ, ಅಲ್ಲಿ ಬೆನ್ನುಗಳು ಮೇಸ್ತ್ರಿಯವು, ಪಾದಗಳು ನನ್ನವು. ಹಿಮ್ಮಡಿ ಕೆರೆದು, ಆಣಿ ತೆಗೆದು, ಉಗುರು ಕತ್ತರಿಸುವುದು ನನ್ನ ಕೆಲಸ. ಐದು ಪುಟ್ಟ ಚೂರಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಓಡಾಡುತ್ತಿದ್ದೆನಾದ್ದರಿಂದ ಅಲ್ಲಿ ಎಲ್ಲರ ಬಾಯಲ್ಲೂ ನಾನು 'ಚೂರಿ'. ಇಪ್ಪತ್ತೆಂಟು ವರ್ಷ ಮೇಸ್ತ್ರಿಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತವನು. ಅವರ ವಿಷಯ ಅವರೇನೂ ಹೇಳಿಕೊಳ್ಳುವವರಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಚಳಿಗಾಲದ ಮಧ್ಯಾಹ್ನ, ಊಟ ಮುಗಿಸಿದ ಮುದುಕರೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ಬಟ್ಟೆ ಬಿಚ್ಚಿ ಕೊಕ್ಕೆಗೆ ಹಾಕಿದರೆ ಹೈಸ್ಕೂಲು ಹೆಡ್‌ಮಾಸ್ತರೂ ಒಂದೇ, ಸೈಕಲ್ ರಿಪೇರಿಯವನೂ ಒಂದೇ. ಆದರೆ ಕೆಲವರು ಮಾತ್ರ ಬಟ್ಟೆ ಬಿಚ್ಚಿದ ಮೇಲೂ ಒಂದು ವಸ್ತುವನ್ನು ಬಿಡುತ್ತಿರಲಿಲ್ಲ. ಕೊರಳಿಗೆ ನೂಲಿನಲ್ಲಿ ಕಟ್ಟಿದ್ದೋ, ಬಟ್ಟೆಯ ಚೀಲದಲ್ಲಿ ಹೊಟ್ಟೆಗೆ ಒತ್ತಿಕೊಂಡಿದ್ದೋ ಒಂದು ಹಳೇ ಜೇಡ್ ಕಲ್ಲು. ಯಾರೋ ಯಾವ ಕಾಲದಲ್ಲೋ ಕೆತ್ತಿದ ಮೀನು, ಸೋರೆಬುರುಡೆ, ಮಲಗಿದ ನಾಯಿ, ಹೆಬ್ಬೆರಳಿನ ಉಂಗುರ. ಹಳೇ ಜೇಡ್ ಕೂಡಿಸುವ ಗೀಳು ಹತ್ತಿದವನಿಗೆ ಹೆಂಡತಿ ಪಕ್ಕದ ದಿಂಬಿನಲ್ಲಿದ್ದರೆ ಕಲ್ಲು ದಿಂಬಿನ ಒಳಗೇ ಇರಬೇಕು. ಮೈಬಿಸಿ ತಾಗುತ್ತಾ ತಾಗುತ್ತಾ ಕಲ್ಲಿಗೆ ಜೀವ ಬರುತ್ತದೆ ಎಂಬುದು ಅವರ ನಂಬಿಕೆ. ನಾನೂ ಮೊದಮೊದಲು ನಗುತ್ತಿದ್ದೆ.

ಇಂಥವರಿಗೆ ಸ್ನಾನಮನೆಯಲ್ಲಿ ಒಂದು ಸಂಕಟ. ಕುದಿಯುವ ನೀರಿನ ಕೊಳಕ್ಕೆ ಹಳೇ ಕಲ್ಲನ್ನು ತೆಗೆದುಕೊಂಡು ಹೋಗುವ ಹಾಗಿಲ್ಲ. ಕೂದಲೆಳೆಯಂಥ ಬಿರುಕಿನಲ್ಲಿ ಸಾಬೂನು ಇಳಿದರೆ ಕಲ್ಲು ಮಂಕಾಗುತ್ತದೆ. ಬೀರುವಿನಲ್ಲಿಟ್ಟು ಹೋಗೋಣವೆಂದರೆ ಮನಸ್ಸು ಬೀರುವಿನಲ್ಲೇ ಉಳಿಯುತ್ತದೆ.

ರುವಾನ್ ಮೇಷ್ಟ್ರು ಮೊದಲ ಸಲ ಮೇಸ್ತ್ರಿಯ ಕೈ ಹಿಡಿದು ನೋಡಿದ ದಿನ ನಾನು ಅವರ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಮೇಷ್ಟ್ರು ಶಾಲೆಯಲ್ಲಿ ರೇಖಾಗಣಿತ ಹೇಳಿಕೊಡುತ್ತಿದ್ದವರು. ತೆಳ್ಳಗೆ, ಉದ್ದಕ್ಕೆ, ಅವರ ಕರಿಹಲಗೆಯ ಗೆರೆಯ ಹಾಗೇ ಇದ್ದರು.

"ಮೇಸ್ತ್ರಿ, ಎಲ್ಲಿ, ಒಂದು ನಿಮಿಷ ಕೈ ತೋರ್ಸಿ."

"ಯಾಕೆ ಮೇಷ್ಟ್ರೇ, ಭವಿಷ್ಯ ಹೇಳ್ತೀರಾ? ನಂದು ಗೊತ್ತಿರೋದೇ. ನಾಳೆನೂ ಬೆನ್ನು, ನಾಡಿದ್ದೂ ಬೆನ್ನು."

ಮೇಷ್ಟ್ರು ನಗಲಿಲ್ಲ. ಆ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ, ತಿರುಗಿಸಿ, ಮತ್ತೆ ಒತ್ತಿ ನೋಡಿದರು. ಆಮೇಲೆ ತಮ್ಮ ಅಂಗೈಯನ್ನು ಪಕ್ಕದಲ್ಲಿ ಹಿಡಿದರು. ಮೂವತ್ತು ವರ್ಷದ ಸೀಮೆಸುಣ್ಣ ಕುಡಿದು ಅದು ಬೇಸಿಗೆಯ ಕೆರೆಯಂತೆ ಸೀಳಿತ್ತು.

"ಈ ಕೈಯಲ್ಲಿ ನಾನು ಏನು ಹಿಡ್ಕೊಂಡ್ರೂ ಗೀಚುತ್ತೆ ಮೇಸ್ತ್ರಿ," ಎಂದರು. "ನಿಮ್ಮದು ನೋಡಿ. ಬೆವರಿಲ್ಲ, ಎಣ್ಣೆಯಿಲ್ಲ. ಹಳೇ ಕಾಲದ ಸಾಹುಕಾರರು ಇಂಥ ಕೈ ಇದ್ದೋರನ್ನ ಹುಡುಕಿ ಮನೇಲಿ ಇಟ್ಕೋತಿದ್ರಂತೆ. ಬರೀ ಕಲ್ಲು ಸವರೋಕೆ."

ಚೀಲ ಬಿಚ್ಚಿದರು. ಟೀ ಮೇಜಿನ ಮೇಲೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಒಂದು ಹೆಬ್ಬಾತನ್ನು ಇಟ್ಟರು. ಕೋಳಿಮೊಟ್ಟೆಗಿಂತ ಒಂಚೂರು ದೊಡ್ಡದು. ಕೂತ ಹೆಬ್ಬಾತು ಕೊಕ್ಕಿನಲ್ಲಿ ತಾವರೆಯ ದಂಟು ಕಚ್ಚಿ ತಲೆಯನ್ನು ಬೆನ್ನ ಮೇಲೆ ತಿರುಗಿಸಿದೆ, ದಂಟಿನ ತುದಿಯ ಮೊಗ್ಗು ರೆಕ್ಕೆಯ ಮೇಲೆ ಒರಗಿದೆ. ಕೆತ್ತನೆ ಸೊಗಸೇ. ಆದರೆ ಬಣ್ಣ? ಒಲೆಯ ಬೂದಿಯ ಬಣ್ಣ.

"ನಮ್ಮಜ್ಜನ ಕಾಲದಲ್ಲಿ ಇದು ಕುರಿಕೊಬ್ಬು ಹೆಪ್ಪುಗಟ್ಟಿದ ಹಾಗೆ ಬೆಳ್ಳಗೆ, ಎದೆ ಹತ್ರ ಜೇನಿನ ಬಣ್ಣ ಇತ್ತು," ಎಂದರು ಮೇಷ್ಟ್ರು. "ಆ ಗಲಾಟೆ ವರ್ಷಗಳಲ್ಲಿ ಹಳೇ ಸಾಮಾನು ಇಟ್ಕೊಂಡೋರ ಮನೆಗೆ ನುಗ್ಗಿ ಒಡೀತಿದ್ರಲ್ಲ, ಆಗ ನಮ್ಮಮ್ಮ ಇದನ್ನ ಉಪ್ಪು ಹಾಕಿಟ್ಟ ಸೊಪ್ಪಿನ ಭರಣಿ ತಳಕ್ಕೆ ಹಾಕಿ ಮುಚ್ಚಿಟ್ಲು. ಎಂಟು ವರ್ಷ. ತೆಗೆದಾಗ ಹೀಗಾಗಿತ್ತು."

ಮೇಸ್ತ್ರಿ ಬಗ್ಗಿ ನೋಡಿದರು. "ಮೇಷ್ಟ್ರೇ, ನಮ್ಮೂರಲ್ಲಿ ಬೀದಿಗೊಂದು ಉಪ್ಪುನೀರಲ್ಲಿ ಬೇಯಿಸಿದ ಹೆಬ್ಬಾತಿನ ಅಂಗಡಿ ಇದೆ. ನಿಮ್ಮದೇ ಎಲ್ಲಕ್ಕಿಂತ ಹಳೇದು ಬಿಡಿ."

ಆಗ ಮೇಷ್ಟ್ರು ನಕ್ಕರು. ನಕ್ಕು, ಎರಡೂ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಕಾದರು.

ಇದು ಕಲ್ಲಿನವರ ಕಟ್ಟಳೆ. ಜೇಡನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವನು ಮೆತ್ತಗಿನ ಬಟ್ಟೆಯ ಮೇಲಿಟ್ಟು ಕೈ ಪೂರ್ತಿ ಹಿಂತೆಗೆಯಬೇಕು, ಆಮೇಲೆ ತೆಗೆದುಕೊಳ್ಳುವವನು ಎತ್ತಿಕೊಳ್ಳಬೇಕು. ಎರಡು ಕೈಗಳ ನಡುವೆ ಬಿದ್ದರೆ ಯಾರ ಕೈಯಿಂದ ಬಿತ್ತು ಎಂದು ದೇವರೂ ಹೇಳಲಾರ. ಒಂದು ಕಲ್ಲಿನ ಜೊತೆ ಒಂದು ಸ್ನೇಹವೂ ಒಡೆಯುತ್ತದೆ. ಟವೆಲ್ ಮೇಲಿನಿಂದ ಯಾರು ಎತ್ತಿದರೋ, ಅಲ್ಲಿಂದಾಚೆಗೆ ಅದು ಅವರ ಹೊಣೆ. ಅದಕ್ಕೇ ಎತ್ತುವವನು ಅವಸರ ಮಾಡುವುದಿಲ್ಲ.

ಮೇಸ್ತ್ರಿ ಕೈಯನ್ನು ಪಂಚೆಗೆ ಒರೆಸಿಕೊಂಡು, ಬಿಸಿ ಆರುವವರೆಗೆ ಕಾದು, ಎತ್ತಿದರು. ಕಣ್ಣು ಮುಚ್ಚಿದರು.

"ತಣ್ಣಗಿದೆ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲ, ಬೆಚ್ಚಗಾಯ್ತು." ಮತ್ತೂ ಸ್ವಲ್ಪ ಹೊತ್ತಾದ ಮೇಲೆ, "ಮೇಷ್ಟ್ರೇ, ರೆಕ್ಕೆ ಕೆಳಗೆ ಒಂದು ಕುಳಿ ಇದೆ. ನನ್ನ ಹೆಬ್ಬೆಟ್ಟು ತಾನಾಗೇ ಹೋಗಿ ಅಲ್ಲಿ ಕೂತ್ಕೊಂಡ್ತು."

"ಹ್ಞಾಂ! ನೋಡಿದ್ರಾ?" ಮೇಷ್ಟ್ರು ಕಾಲನ್ನು ನನ್ನ ತೊಡೆಯಿಂದ ಎಳೆದುಕೊಂಡೇ ಎದ್ದು ಕೂತರು, ನನ್ನ ಚೂರಿ ಸ್ವಲ್ಪದರಲ್ಲಿ ತಪ್ಪಿತು. "ಕಣ್ಣಿಂದ ನೋಡೋರಿಗೆ ಆ ಕುಳಿ ಸಿಗೋದೇ ಇಲ್ಲ. ಕೆತ್ತಿದವನು ಅಲ್ಲಿ ಯಾರದೋ ಹೆಬ್ಬೆರಳಿಗೆ ಅಂತ ಜಾಗ ಬಿಟ್ಟಿದಾನೆ. ಅವನ ಹೆಸರು ಗೊತ್ತಿಲ್ಲ, ಹಿಡ್ಕೊಂಡೋರ ಹೆಸರೂ ಗೊತ್ತಿಲ್ಲ. ಮುನ್ನೂರು ವರ್ಷ ಯಾರ್‍ಯಾರೋ ಅಲ್ಲಿ ಬೆರಳಿಟ್ಟಿದಾರೆ. ನಾವು ಇದರ ಹಿಂದೆ ಹುಚ್ಚು ಹಿಡಿದು ಓಡೋದು ಯಾಕೆ ಅಂತೀರಿ? ಆ ಜಾಗ ಖಾಲಿ ಇರಬಾರದು, ಅದಕ್ಕೆ."

ಅವತ್ತಿನಿಂದ ಶುರುವಾಯಿತು. ಮೇಷ್ಟ್ರು ಕೊಳದಲ್ಲಿರುವಷ್ಟು ಹೊತ್ತು ಹೆಬ್ಬಾತು ಮೇಸ್ತ್ರಿಯ ಕೈಯಲ್ಲಿ. ಗಿರಾಕಿಯಿಲ್ಲದ ವೇಳೆ ನೋಡಿಕೊಂಡೇ ಮೇಷ್ಟ್ರು ಬರುತ್ತಿದ್ದರು. ಮೇಸ್ತ್ರಿ ನನ್ನ ಪಕ್ಕ ಕೂತು, ಹೆಬ್ಬೆಟ್ಟನ್ನು ರೆಕ್ಕೆಯ ಕುಳಿಯಲ್ಲಿಟ್ಟು, ಬೆನ್ನು ಸವರುತ್ತಾ, ಎದೆ ಸವರುತ್ತಾ ಸುಮ್ಮನಿರುತ್ತಿದ್ದರು. ಕೂಲಿ ಕೊಡುತ್ತೇನೆಂದರೆ ಮೇಸ್ತ್ರಿಗೆ ಸಿಟ್ಟು. "ದಿನವಿಡೀ ಊರ ಮಂದಿ ಬೆನ್ನು ಮುಟ್ಟೋನಿಗೆ ಒಂದು ಗಂಟೆ ಇಂಥ ಬೆನ್ನು ಸಿಕ್ಕಿದೆ. ನಾನೇ ಕೊಡಬೇಕು," ಎನ್ನುತ್ತಿದ್ದರು. ವಸಂತದ ಮೊದಲ ಟೀ ಎಲೆ ಬಂದಾಗ ಮೇಷ್ಟ್ರು ಒಂದು ಪೊಟ್ಟಣ ತಂದಿಡುತ್ತಿದ್ದರು. ಅದಕ್ಕೆ ಮಾತ್ರ ಬೇಡವೆನ್ನುತ್ತಿರಲಿಲ್ಲ.

ಮೂರನೇ ಚಳಿಗಾಲದಲ್ಲಿ ಬೂದಿ ತೆಳುವಾಯಿತು. ಆರನೆಯದರಲ್ಲಿ ಎದೆಯ ಹತ್ತಿರ ಕಡ್ಡಿ ಗೀರಿದಷ್ಟು ಜೇನುಬಣ್ಣ ಕಾಣಿಸಿತು. ಆ ದಿನ ಮೇಸ್ತ್ರಿ ನನ್ನನ್ನು ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋಗಿ, ಅದನ್ನು ತೋರಿಸಿದರು. ನಾನು ಆವತ್ತಿನಿಂದ ನಗುವುದನ್ನು ಬಿಟ್ಟೆ. ಹನ್ನೆರಡನೇ ವರ್ಷಕ್ಕೆ ಹೆಬ್ಬಾತು ಬೆಳ್ಳಗೆ, ಒಳಗೆ ಎಲ್ಲೋ ದೀಪ ಹಚ್ಚಿಟ್ಟ ಹಾಗೆ ಆಗಿತ್ತು. ಊರಿನ ಕಲ್ಲಿನವರೆಲ್ಲ ಬಂದು ಟವೆಲ್ ಮೇಲಿಟ್ಟು ನೋಡಿದರು. ಇನ್ನಿಬ್ಬರು ಮುದುಕರು ತಮ್ಮ ಕಲ್ಲುಗಳನ್ನೂ ಮೇಸ್ತ್ರಿಯ ಮುಂದಿಡತೊಡಗಿದರು.

ಹೋಂಗ್ ಯಜಮಾನರು ಬಂದದ್ದು ಆಗಲೇ. ಹಲ್ಲುಜ್ಜುವ ಬ್ರಷ್ಷಿನ ಕಾರ್ಖಾನೆಯವರು, ಹೊಟ್ಟೆಯೂ ದೊಡ್ಡದು, ದನಿಯೂ ದೊಡ್ಡದು. ಕಲ್ಲಿನ ಗೀಳು ಹೊಸದಾಗಿ ಹತ್ತಿತ್ತು. ಹೊಸದಾಗಿ ಹತ್ತಿದವರಿಗೆ ಎಲ್ಲವೂ ಈ ತಿಂಗಳೇ ಆಗಬೇಕು. ಒಂದು ಹಳೇ ಬಳೆಗೆ ಅಕ್ರೋಟದ ಎಣ್ಣೆ ಹಚ್ಚಿ, ತಮ್ಮದೇ ಕಾರ್ಖಾನೆಯ ಬ್ರಷ್ಷಿನಿಂದ ವಾರಗಟ್ಟಲೆ ತಿಕ್ಕಿದ್ದರು. ಕಲ್ಲಿನ ಉಸಿರೇ ಕಟ್ಟಿ ಅದು ಹಳೇ ಮೇಣದಬತ್ತಿಯಂತಾಗಿತ್ತು.

ಮೇಸ್ತ್ರಿ ಅದನ್ನು ನೋಡಿ, "ಯಜಮಾನ್ರೇ, ಇದಕ್ಕೆ ಹಲ್ಲಿತ್ತಾ?" ಎಂದರು. ಇಡೀ ಕೋಣೆ ನಕ್ಕಿತು. ಆದರೂ ಮಾರನೇ ದಿನ ಗೋಧಿ ಹೊಟ್ಟು ತುಂಬಿದ ಚೀಲವೊಂದನ್ನು ಹೆಂಡತಿ ಲಾನ್‌ಯಿಂಗ್ ಕೈಯಲ್ಲಿ ಹೊಲಿಸಿ ತಂದುಕೊಟ್ಟರು. "ಬಳೆ ಇದರೊಳಗೆ ಹಾಕಿ ದಿನಾ ಹೊಸಕಿ. ಹೊಟ್ಟು ಎಣ್ಣೆ ಎಳ್ಕೊಳ್ಳುತ್ತೆ. ಎರಡು ವರ್ಷ."

"ಎರಡು ವರ್ಷಾನಾ! ಅಷ್ಟರಲ್ಲಿ ನಾನು ಇನ್ನೊಂದು ಕಾರ್ಖಾನೆ ಕಟ್ತೀನಿ."

"ಕಟ್ಟಿ. ಇನ್ನೊಂದು ಕೈ ಖಾಲಿ ಇರುತ್ತಲ್ಲ."

ಹೋಂಗ್ ಯಜಮಾನರಿಗೆ ಆ ಹೆಬ್ಬಾತಿನ ಮೇಲೆ ಕಣ್ಣು. ಬಂದಾಗೆಲ್ಲ ಕೇಳುವವರೇ. "ಮೇಷ್ಟ್ರೇ, ನಿಮ್ಮ ಬಾತು ನನ್ನ ಕೊಳಕ್ಕೆ ಯಾವಾಗ ಬರುತ್ತೆ?" ಮೇಷ್ಟ್ರದ್ದು ಒಂದೇ ಉತ್ತರ: "ನಿಮ್ಮ ಕೊಳದಲ್ಲಿ ಎಣ್ಣೆ ತೇಲ್ತಿದೆ."

ಹೀಗೇ ಇಪ್ಪತ್ತು ಚಳಿಗಾಲ ಕಳೆದವು. ಕೊನೆಯ ಎರಡು ಚಳಿಗಾಲದಲ್ಲಿ ಮೇಷ್ಟ್ರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸ್ನಾನಮನೆಯ ಹಬೆಯಲ್ಲಂತೂ ಅವರಿಗೆ ಎದುರಿಗಿರುವುದು ಮನುಷ್ಯನೋ ಕಂಬವೋ ತಿಳಿಯುತ್ತಿರಲಿಲ್ಲ. ಒಮ್ಮೆ ಕಂಬಕ್ಕೆ ನಮಸ್ಕಾರ ಹೇಳಿದರು. ನಾವು ನಗಲಿಲ್ಲ, ಅವರೇ ನಕ್ಕರು. ಕೊಳದಿಂದ ಬಂದು ಕೂತು, ಮೇಸ್ತ್ರಿ ಟವೆಲ್ ಮೇಲಿಟ್ಟ ಹೆಬ್ಬಾತಿಗಾಗಿ ಅವರ ಕೈ ಮೇಜಿನ ಮೇಲೆಲ್ಲ ತಡಕಾಡುವುದು, ಟೀ ಲೋಟಕ್ಕೆ ತಾಗುವುದು, ತಾಗಿ ಹೆದರಿ ನಿಲ್ಲುವುದು.

ಒಂದು ದಿನ ಮೇಸ್ತ್ರಿ ಟವೆಲ್ ಹಾಸಲೇ ಇಲ್ಲ. ಹೆಬ್ಬಾತನ್ನು ತಂದು ಮೇಷ್ಟ್ರ ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿದರು.

ಮೇಷ್ಟ್ರು ಹೋದ ಮೇಲೆ ನಾನು ಕೇಳಿದೆ. "ಅಣ್ಣ, ಟವೆಲ್ ಎಲ್ಲಿ ಹೋಯ್ತು?"

"ಅವರಿಗೆ ಟವೆಲ್ ಕಾಣಲ್ಲ ಕಣೋ ಚೂರಿ. ತಡಕಾಡೋದು ನೋಡೋಕಾಗಲ್ಲ."

"ಕಟ್ಟಳೆ?"

"ಕಟ್ಟಳೆ ಮಾಡಿದೋರಿಗೆ ಕಣ್ಣು ಕಾಣ್ತಿತ್ತು," ಎಂದು ಟವೆಲ್ ಹಿಂಡಿ ಹೋದರು.

ನಾನು ಮತ್ತೆ ಹೇಳಬೇಕಿತ್ತು. ಹೇಳಲಿಲ್ಲ.

ಚಾಂದ್ರಮಾನದ ಹನ್ನೆರಡನೇ ತಿಂಗಳ ಎಂಟನೇ ದಿನ, ಹಬ್ಬದ ಪದ್ಧತಿಯಂತೆ ಎಲ್ಲರೂ ಬೆಳಗ್ಗೆ ಎಂಟು ಕಾಳಿನ ಗಂಜಿ ಉಂಡು ಬಂದಿದ್ದರು. ಮೇಷ್ಟ್ರು ಕೊಳದಿಂದ ಬಂದು ದಣಿವಾರಿಸುವ ಮಂಚದ ಅಂಚಿನಲ್ಲಿ ಕೂತು ಕೈ ಚಾಚಿದರು. ಮೇಸ್ತ್ರಿ ಹೆಬ್ಬಾತನ್ನು ತಂದರು. ಅಷ್ಟರಲ್ಲಿ ಪಕ್ಕದ ಮಂಚದಿಂದ ಹೋಂಗ್ ಯಜಮಾನರು ಎಂದಿನಂತೆ ಕೂಗಿದರು: "ಮೇಷ್ಟ್ರೇ, ಬಾತು ನನ್ನ ಕೊಳಕ್ಕೆ ಯಾವಾಗ?"

ಮೇಷ್ಟ್ರು ಉತ್ತರ ಹೇಳಲು ಆ ಕಡೆ ತಿರುಗಿದರು. ನಾನು ಒಂದು ಪಾದದ ಮೇಲೆ ಬಗ್ಗಿದ್ದೆ.

ಟಕ್ ಎಂದಿತು. ಅಷ್ಟೇ ಸದ್ದು. ಆದರೆ ಆ ಸದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊಳದಲ್ಲಿದ್ದವರೂ ಕತ್ತು ಚಾಚಿ ನೋಡಿದರು.

ಹೆಬ್ಬಾತು ಒದ್ದೆ ಕಲ್ಲುಹಾಸಿನ ಮೇಲೆ ಮಗುಚಿ ಬಿದ್ದಿತ್ತು. ಮೈ ಪೂರ್ತಿಯಿತ್ತು. ಕೊಕ್ಕಿನಲ್ಲಿ ಕಚ್ಚಿದ ದಂಟು ಮಾತ್ರ ಅರ್ಧಕ್ಕೆ ಮುರಿದು, ಮೊಗ್ಗು ಇರಲಿಲ್ಲ. ನಾನು ಮೊಣಕಾಲೂರಿ ಹುಡುಕಿದೆ. ನನ್ನದೇ ಸ್ಟೂಲಿನ ಕೆಳಗೆ, ಯಾರದೋ ಹಿಮ್ಮಡಿಯ ಸಿಪ್ಪೆಗಳ ನಡುವೆ, ಭತ್ತದ ಕಾಳಿನಷ್ಟಿದ್ದ ಆ ಮೊಗ್ಗು ಸಿಕ್ಕಿತು.

"ಕೈಯಿಂದ ಕೈಗೆ ಕೊಟ್ರಾ?" ಹೋಂಗ್ ಯಜಮಾನರು ಎದ್ದು ನಿಂತಿದ್ದರು. "ಮೇಸ್ತ್ರಿ, ಇಷ್ಟು ವರ್ಷ ಕಲ್ಲು ಹಿಡಿದೋರು ನೀವು. ಮಕ್ಕಳಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ವಾ?"

ಮೇಸ್ತ್ರಿಯ ಎರಡೂ ಅಂಗೈ ಇನ್ನೂ ಮುಂದಕ್ಕೇ ಚಾಚಿದ್ದವು.

"ಬಿದ್ದಿದ್ದು ನನ್ನ ಕೈಯಿಂದ," ಎಂದರು ಮೇಷ್ಟ್ರು.

"ನಿಮಗೆ ಕಣ್ಣೇ ಕಾಣ್ಸಲ್ಲ ಮೇಷ್ಟ್ರೇ, ನಿಮಗೆ ಹೇಗೆ ಗೊತ್ತು?"

"ನನ್ನ ಕೈ ಎಲ್ಲಿದೆ ಅಂತ ತಿಳ್ಕೊಳ್ಳೋಕೆ ನಂಗೆ ಕಣ್ಣು ಬೇಕಾ?"

ಹೆಬ್ಬಾತನ್ನೂ ಮೊಗ್ಗನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು, ಬಟ್ಟೆ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಮೇಷ್ಟ್ರು ಹೊರಟುಹೋದರು. ಮಾರನೇ ದಿನ ಬರಲಿಲ್ಲ. ವಾರವಾದರೂ ಬರಲಿಲ್ಲ.

ಬಿಯಾನ್ ಮೇಸ್ತ್ರಿ ಆ ಒಂದು ತಿಂಗಳು ಬದುಕಿದ ರೀತಿ ಹೇಳುವುದು ಕಷ್ಟ. ಇನ್ನಿಬ್ಬರು ಮುದುಕರು ಜಗಳವಾಡಲಿಲ್ಲ, ಸುಮ್ಮನೆ ತಮ್ಮ ಕಲ್ಲುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದರು. ಅದು ಮೇಸ್ತ್ರಿಯನ್ನು ನೋಯಿಸಿತು, ಆದರೆ ಹೆಚ್ಚು ನೋಯಿಸಿದ್ದು ಅದಲ್ಲ. ಮೇಷ್ಟ್ರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಹೋದರಲ್ಲ, ಅದು ನಿಜವೋ ಮರ್ಯಾದೆಯ ಮಾತೋ? ಮರ್ಯಾದೆಗೆ ಹೇಳಿದ್ದಾದರೆ, ಆ ಮನುಷ್ಯ ಇನ್ನೊಮ್ಮೆ ತನ್ನ ಮುಂದೆ ಟವೆಲ್ ಹಾಸುತ್ತಾನೆಯೇ? ಇಪ್ಪತ್ತು ವರ್ಷ ಕಟ್ಟಿದ್ದು ಒಂದು ಟಕ್ಕಿನಲ್ಲಿ ಹೋಯಿತೇ? ಕೇಳಿ ಕೇಳಿ ನನ್ನ ಕಿವಿ ತೂತಾಯಿತು.

"ಚೂರಿ, ನೀನು ಪಕ್ಕದಲ್ಲೇ ಇದ್ಯಲ್ಲ. ಹೇಳು. ನಾನು ಬೇಗ ಬಿಟ್ನಾ?"

"ನಾನು ಪಾದ ನೋಡ್ತಿದ್ದೆ ಅಣ್ಣ."

"ಒಂದ್ಸಲಾನೂ ತಲೆ ಎತ್ತಲ್ಲ ನೀನು!"

"ಎತ್ತಿದ್ರೆ ಯಾರದೋ ಬೆರಳು ಹೋಗುತ್ತೆ."

ಅವರ ಕೈಯೂ ಹೆದರಿತ್ತು. ಬೆನ್ನು ಉಜ್ಜುವಾಗ ಒತ್ತುತ್ತಲೇ ಇರಲಿಲ್ಲ. ಗಿರಾಕಿಯೊಬ್ಬ, "ಮೇಸ್ತ್ರಿ, ಉಜ್ಜುತಿದೀರೋ ಗಾಳಿ ಹಾಕ್ತಿದೀರೋ?" ಎಂದು ಕೇಳಿದ.

ಇಪ್ಪತ್ತನೇ ದಿನಕ್ಕೆ ತಡೆಯಲಾಗದೆ ಮೇಷ್ಟ್ರ ಮನೆಗೆ ಹೊರಟರು. ಬರಿಗೈಯಲ್ಲಿ ಹೋಗಬಾರದೆಂದು ದಾರಿಯಲ್ಲಿ ನಮ್ಮೂರ ಪದ್ಧತಿಯಂತೆ ಒಂದು ಇಡೀ ಉಪ್ಪು ಹೆಬ್ಬಾತನ್ನು ಕೊಚ್ಚಿಸಿ ಕಟ್ಟಿಸಿಕೊಂಡರು. ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿ, "ಮಗಳು ಬಂದು ನಾನ್‌ಜಿಂಗ್‌ಗೆ ಕರ್ಕೊಂಡೋದ್ಲು. ಕೈಯಲ್ಲಿ ಒಂದು ಪುಟ್ಟ ಡಬ್ಬಿ ಬಿಗಿಯಾಗಿ ಹಿಡ್ಕೊಂಡಿದ್ರಪ್ಪ," ಎಂದಳು. ಮೇಸ್ತ್ರಿ ಬಾತಿನ ಪೊಟ್ಟಣದೊಂದಿಗೆ ಹಾಗೇ ಸ್ನಾನಮನೆಗೆ ಬಂದರು. ಊಟದ ಬುತ್ತಿ ತಂದಿದ್ದ ಲಾನ್‌ಯಿಂಗ್ ಅತ್ತಿಗೆ ಬಾಗಿಲಲ್ಲೇ ಸಿಕ್ಕರು.

"ಇದೇನ್ರೀ ಇದು?"

"ಮೇಷ್ಟ್ರ ಮನೆಗೆ ಅಂತ..."

"ಅಯ್ಯೋ ನಿಮ್ಮ ತಲೆಗಿಷ್ಟು! ಬಾತು ಒಡೆದುಕೊಂಡೋರ ಮನೆಗೆ ಬಾತು ಹಿಡ್ಕೊಂಡು ಹೋಗ್ತಾರೇನ್ರೀ ಯಾರಾದ್ರೂ? ಅದೂ ಕೊಚ್ಚಿದ್ದು!"

ಮೇಸ್ತ್ರಿ ಪೊಟ್ಟಣವನ್ನು ನೋಡಿದರು, ನಮ್ಮನ್ನು ನೋಡಿದರು. ಆ ತಿಂಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ. ನಕ್ಕು ಕಣ್ಣೊರೆಸಿಕೊಂಡರು. ಬಾತನ್ನು ನಾನೂ ಟೀ ಕೊಡುವವನೂ ತಿಂದೆವು.

ನಾನ್‌ಜಿಂಗ್ ಎಂದ ಕೂಡಲೇ ಹೋಂಗ್ ಯಜಮಾನರು, "ಅಲ್ಲಿ ಒಳ್ಳೊಳ್ಳೇ ಕೆತ್ತೋರಿದಾರೆ. ದಂಟು ಅರೆದು ನುಣುಪು ಮಾಡಿಸಿ ಮಾರೋಕೆ ಹೋಗಿರ್ತಾರೆ. ನಂಗೆ ಒಂದು ಮಾತು ಹೇಳಬಾರದಿತ್ತಾ!" ಎಂದು ನಿಜವಾಗಿಯೂ ಬೇಜಾರು ಮಾಡಿಕೊಂಡರು. ಮೇಸ್ತ್ರಿ ಆ ಮಾತಿಗೆ ಎದ್ದು ನೀರಿನ ಕೋಣೆಗೆ ಹೋದರು.

ಹೊಸ ವರ್ಷ ಬಂತು, ಹೋಯಿತು. ಓಣಿಯ ಹಬ್ಬದ ಲಾಟೀನುಗಳನ್ನು ಇಳಿಸಿದ ಎರಡನೇ ದಿನ, ಮಧ್ಯಾಹ್ನ, ಪರದೆ ಸರಿಸಿ ರುವಾನ್ ಮೇಷ್ಟ್ರು ಒಳಗೆ ಬಂದರು. ಗೋಡೆ ಹಿಡಿಯದೆ ಬಂದರು. ನೆಟ್ಟಗೆ ಕಂಬದ ಹತ್ತಿರ ಹೋಗಿ, "ನಮಸ್ಕಾರ ಕಂಬದವರೇ, ಆವತ್ತು ತಪ್ಪು ತಿಳ್ಕೊಂಡೆ," ಎಂದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಮೇಸ್ತ್ರಿ! ಅಯ್ಯಯ್ಯೋ, ಎಷ್ಟು ಮುದುಕರಾಗಿದೀರಿ! ಯಾರೂ ನಂಗೆ ಹೇಳ್ಲೇ ಇಲ್ಲವಲ್ಲ!"

ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರು. ಒಂದಾದ ಮೇಲೆ ಒಂದು, ನಡುವೆ ಎರಡು ವಾರ ಮಗಳ ಮನೆಯಲ್ಲಿ ಕಣ್ಣಿಗೆ ಪಟ್ಟಿ. ಬಿದ್ದ ದಿನವೇ ತೀರ್ಮಾನ ಮಾಡಿದರಂತೆ: ಎಂಟು ವರ್ಷ ಉಪ್ಪಿನಲ್ಲಿ ಉಳಿದದ್ದು ಕಣ್ಣಿನ ಆಪರೇಷನ್ ಬೇಡವೆಂಬ ತನ್ನ ಹಟದಿಂದ ಒಡೆಯಿತು, ಇನ್ನು ಹಟ ಸಾಕು ಎಂದು.

ಮೇಸ್ತ್ರಿ ಎದ್ದು ನಿಂತಿದ್ದರು. ಒಂದು ತಿಂಗಳಿಂದ ಜೋಡಿಸಿಟ್ಟ ಮಾತುಗಳೆಲ್ಲ ಒಟ್ಟಿಗೇ ಬಂದವು. "ಮೇಷ್ಟ್ರೇ, ತಪ್ಪು ನಂದು. ನಾನು ಟವೆಲ್ ಹಾಸಬೇಕಿತ್ತು. ನಾನೇ ಬೇಗ ಬಿಟ್ಟೆ."

"ನೀವು ಬೇಗ ಬಿಡ್ಲಿಲ್ಲ. ನಾನು ಕೈ ತಿರುಗಿಸಿದೆ."

"ಇಲ್ಲ, ನಾನು..."

"ರೀ, ನಾನು ಮೂವತ್ತು ವರ್ಷ ಕೋನ ಅಳೆದೋನು. ಬಾತು ನನ್ನ ಅಂಗೈಗೆ ತಾಗಿತ್ತು. ತಾಗಿದ ಮೇಲೆ ಕೈ ಓರೆ ಮಾಡಿದೆ. ಆ ಹೋಂಗ್ ಕೂಗಿದ್ದಕ್ಕೆ."

"ಹಾಗಾದ್ರೆ ತಪ್ಪು ನಂದೇ," ಎಂದರು ಹೋಂಗ್ ಯಜಮಾನರು ಪಕ್ಕದ ಮಂಚದಿಂದ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ.

"ನೋಡಿ, ಮೂರು ಜನ ಆದ್ರು," ಎಂದರು ಮೇಷ್ಟ್ರು. "ಕಟ್ಟಳೆ ಯಾಕೆ ಮಾಡಿದ್ರು ಅಂತ ಈಗ ಗೊತ್ತಾಯ್ತಲ್ಲ. ಮುರಿದಿದ್ದು ಸಾಕು. ಇವತ್ತು ಸರಿಯಾಗಿ ಮಾಡೋಣ. ಚೂರಿ, ಒಂದು ಒಣ ಟವೆಲ್ ಕೊಡಪ್ಪ."

ನಾನು ಕೊಟ್ಟೆ. ಮೇಷ್ಟ್ರು ನಾಲ್ಕು ಮಡಿಕೆ ಮಾಡಿ ಟೀ ಮೇಜಿನ ಮೇಲೆ ಹಾಸಿ, ಡಬ್ಬಿಯಿಂದ ಹೆಬ್ಬಾತನ್ನು ತೆಗೆದು ಇಟ್ಟರು. ಅರೆಸಿರಲಿಲ್ಲ, ಅಂಟಿಸಿರಲಿಲ್ಲ. ಮುರಿದ ದಂಟು ಮುರಿದ ಹಾಗೇ, ಚೂಪಾಗಿ ನಿಂತಿತ್ತು. ಇಟ್ಟು, ಕೈಗಳನ್ನು ಹಿಂದಕ್ಕೆ ಎಳೆದುಕೊಂಡು, ಬೆನ್ನ ಹಿಂದೆ ಕಟ್ಟಿಕೊಂಡರು.

ಮೇಸ್ತ್ರಿಯ ಮುಖದಲ್ಲಿ ಬಣ್ಣ ಬಂದದ್ದನ್ನು ನಾನು ನೋಡಿದೆ. ಆ ಸಲ ತಲೆ ಎತ್ತಿಯೇ ಇದ್ದೆ. ಕೈಯನ್ನು ಎರಡೆರಡು ಸಲ ಒರೆಸಿಕೊಂಡರು. "ಹೋಗಿಬನ್ನಿ ಮೇಷ್ಟ್ರೇ. ನೀರು ಚೆನ್ನಾಗಿ ಕಾದಿದೆ. ಎಷ್ಟು ಹೊತ್ತಾದ್ರೂ ನಾನು ಹಿಡ್ಕೊಂಡಿರ್ತೀನಿ."

"ನಾನು ನೀರಿಗೆ ಇಳಿಯೋ ಹಾಗಿಲ್ಲ. ಡಾಕ್ಟ್ರು ಹಬೆ ಬೇಡ ಅಂದಿದಾರೆ, ಎರಡು ತಿಂಗಳು. ಈಗ ಹೊರಟೆ, ಮಗಳು ಹೊರಗೆ ಕಾಯ್ತಿದಾಳೆ."

"ಮತ್ತೆ ಇದು...?"

ಮೇಷ್ಟ್ರು ಕೈಗಳನ್ನು ಬೆನ್ನ ಹಿಂದಿನಿಂದ ತೆಗೆಯಲಿಲ್ಲ.

ಕೋಣೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಮೇಸ್ತ್ರಿಗೆ ಮಾತ್ರ ಆಗಲಿಲ್ಲ. ಆಮೇಲೆ ಅವರಿಗೂ ಆಯಿತು. ಆದ ಕೂಡಲೇ ಅವರೂ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೇಜಿನ ಆಚೆಗೊಬ್ಬರು, ಈಚೆಗೊಬ್ಬರು, ನಡುವೆ ಹೆಬ್ಬಾತು.

"ಬೇಡ ಮೇಷ್ಟ್ರೇ. ನಾನು ಬೆನ್ನು ಉಜ್ಜೋನು."

"ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮೊದಲು ನೋಡಿದ್ದು ಇದನ್ನೇ," ಎಂದರು ಮೇಷ್ಟ್ರು. "ನನ್ನ ಕಣ್ಣು ಕಾಣ್ತಿದ್ದಾಗ ನೋಡಿದ ಬಾತೇ ಅಲ್ಲ ಇದು. ಎದೆ ಮೇಲೆ ಎಷ್ಟು ಜೇನು ಬಂದಿದೆ! ಭರಣಿಯಿಂದ ಬಂದಾಗ ಸತ್ತ ಹಾಗಿತ್ತು. ನಾನು ಹಿಡ್ಕೊಂಡಿದ್ದು ಎಷ್ಟು, ನೀವು ಹಿಡ್ಕೊಂಡಿದ್ದು ಎಷ್ಟು? ನಮ್ಮಮ್ಮ ಇದನ್ನ ಉಳಿಸಿದ್ಲು, ನೀವು ಬದುಕಿಸಿದ್ರಿ. ಅವಳಿಗೆ ಹೇಳೋದು ಹೇಳದೆ ಕಳ್ಸಿಬಿಟ್ಟೆ. ನಿಮಗೂ ಹಾಗೇ ಮಾಡ್ಲಾ?"

ಮೇಸ್ತ್ರಿ ಬಗ್ಗಿ ಮುರಿದ ದಂಟನ್ನು ನೋಡಿದರು.

"ನಾನ್‌ಜಿಂಗ್‌ನಲ್ಲಿ ಒಬ್ಬ ಕೆತ್ತೋನು, ದಂಟು ಅರೆದು ನುಣ್ಣಗೆ ಮಾಡ್ತೀನಿ ಅಂದ. ಬೇಡ ಅಂದೆ. ಈ ಚೂಪು ಅಂಗೈಯಲ್ಲೇ ಸವೀಬೇಕು. ಹತ್ತು ವರ್ಷ ಬೇಕು ಮೇಸ್ತ್ರಿ. ನನ್ನ ಹತ್ರ ಅಷ್ಟಿಲ್ಲ. ನಿಮ್ಮ ಹತ್ರ ಇರಬಹುದು."

"ಮೇಷ್ಟ್ರೇ," ಎಂದರು ಹೋಂಗ್ ಯಜಮಾನರು ಮೆಲ್ಲಗೆ, "ಮುರಿದಿದ್ರೂ ನಾನು ತಗೋತೀನಿ. ಈಗ್ಲೂ."

"ನಿಮ್ಮ ಬಳೆ ಏನಾಯ್ತು?"

"ಎಣ್ಣೆ ಬಿಟ್ಟಿದೆ. ಬರೀ ಎರಡು ವರ್ಷಕ್ಕಲ್ಲ, ಐದು ವರ್ಷಕ್ಕೆ."

"ಬಿಡಿಸಿದ್ದು ಯಾರು?"

ಹೋಂಗ್ ಯಜಮಾನರು ಮೇಸ್ತ್ರಿಯ ಕಡೆ ನೋಡಿದರು. ಆಮೇಲೆ ಎಂದಿನ ದೊಡ್ಡ ದನಿಯಲ್ಲಿ, "ಎತ್ಕೊಳ್ರೀ ಮೇಸ್ತ್ರಿ! ಎಷ್ಟು ಹೊತ್ತು ಬಾತು ಚಳೀಲಿ ಕೂರಬೇಕು?" ಎಂದರು.

ಮೇಸ್ತ್ರಿ ಎತ್ತಿಕೊಂಡರು. ಟೀ ಎರಡು ಸಲ ಆರಿದ ಮೇಲೆ ಎತ್ತಿಕೊಂಡರು. ಹೆಬ್ಬೆಟ್ಟು ತಾನಾಗಿ ರೆಕ್ಕೆಯ ಕೆಳಗೆ ಹೋಯಿತು. ಮುರಿದ ದಂಟು ತೋರುಬೆರಳಿಗೆ ಚುಚ್ಚಿತೇನೋ, ಒಮ್ಮೆ ಬೆರಳು ಎಳೆದುಕೊಂಡು ಮತ್ತೆ ಅಲ್ಲೇ ಇಟ್ಟರು.

"ಮೊಗ್ಗು?" ಎಂದು ಕೇಳಿದರು.

"ಅದು ನನ್ನ ಹತ್ರ ಇರಲಿ," ಎಂದರು ಮೇಷ್ಟ್ರು.

ಮೇಷ್ಟ್ರು ಆಮೇಲೆ ಆರು ಚಳಿಗಾಲ ಬಂದರು. ಈಗ ಕೆಲಸ ತಿರುವುಮುರುವಾಗಿತ್ತು. ಮೇಸ್ತ್ರಿ ಬೆನ್ನು ಉಜ್ಜಲು ಹೋಗುವಾಗ ಹೆಬ್ಬಾತನ್ನು ಟವೆಲ್ ಮೇಲಿಟ್ಟು ಕೈ ಹಿಂತೆಗೆಯುತ್ತಿದ್ದರು. ಮೇಷ್ಟ್ರು ಎತ್ತಿಕೊಂಡು, ಸೀಮೆಸುಣ್ಣ ಬಿಟ್ಟು ಎಷ್ಟೋ ವರ್ಷವಾಗಿ ಮೆತ್ತಗಾಗಿದ್ದ ಕೈಯಲ್ಲಿ ಸವರುತ್ತಾ ಕಾಯುತ್ತಿದ್ದರು. "ಏನ್ ಮೇಷ್ಟ್ರೇ, ಕೂಲಿ ಎಷ್ಟು?" ಎಂದು ನಾನು ಕೇಳಿದರೆ, "ಒಂದು ಬೆನ್ನು," ಎನ್ನುತ್ತಿದ್ದರು. ವಸಂತದ ಟೀ ಪೊಟ್ಟಣವನ್ನು ಈಗ ಮೇಸ್ತ್ರಿ ತರುತ್ತಿದ್ದರು. ಇನ್ನಿಬ್ಬರು ಮುದುಕರ ಕಲ್ಲುಗಳೂ ಬೀರುವಿನಿಂದ ಹೊರಬಂದವು. ಹೋಂಗ್ ಯಜಮಾನರ ಬಳೆಯಂತೂ ದಿನಾ ಬಂದು ಕೂರುತ್ತಿತ್ತು.

ಏಳನೆಯ ಚಳಿಗಾಲದ ಮೊದಲಲ್ಲಿ ಮೇಷ್ಟ್ರು ತೀರಿಕೊಂಡರು. ಮಗಳು ಅವರ ಬಲಗೈ ಮಡಿಸುವ ಮೊದಲು ಅಂಗೈಯಲ್ಲಿ ಆ ಭತ್ತದ ಕಾಳಿನಂಥ ಮೊಗ್ಗನ್ನಿಟ್ಟಳು. ಹಾಗೆ ಹೇಳಿಹೋಗಿದ್ದರಂತೆ. ಮೇಸ್ತ್ರಿ ಪಕ್ಕದಲ್ಲಿ ನಿಂತು ಮೂರು ಸಲ ಬಾಗಿದರು. ಅವರ ಎಡಗೈ ಜೇಬಿನಲ್ಲಿತ್ತು. ಜೇಬಿನೊಳಗೆ ಬೆರಳು ಆಡುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಹಳೇ ಬಾವಿ ಸ್ನಾನಮನೆ ಈಗಿಲ್ಲ. ಮೇಸ್ತ್ರಿ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಹೋದ ವಾರ ನೋಡಲು ಹೋಗಿದ್ದೆ; ಅವರ ಹಿಮ್ಮಡಿ ಕೆರೆದುಕೊಡುವವನು ಈಗಲೂ ನಾನೇ. ಲಾನ್‌ಯಿಂಗ್ ಅತ್ತಿಗೆ ಹಬೆಯಾಡುವ ತೋಫು ಎಳೆಗಳ ಬಟ್ಟಲು ತಂದಿಟ್ಟು, "ಇವರು ನನ್ನ ಕೈ ಇಷ್ಟು ಹಿಡಿದಿದ್ರೆ ನಾನೂ ಹೊಳೀತಿದ್ದೆ," ಎಂದು ಬೈದು ಒಳಗೆ ಹೋದರು.

"ಅಣ್ಣ, ಇಷ್ಟು ವರ್ಷ ಆಯ್ತು, ಒಂದ್ಸಲಾನೂ ನಾನು ಹಿಡ್ಕೊಂಡಿಲ್ಲ," ಎಂದೆ.

"ನೀನು ಕೇಳ್ಲೇ ಇಲ್ಲ."

ಕಿಟಕಿಯ ಹತ್ತಿರದ ಮೇಜಿನ ಮೇಲೆ ಟವೆಲ್ ಹಾಸಿದರು. ಹೆಬ್ಬಾತನ್ನು ಇಟ್ಟರು. ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಚೂರಿಗಳನ್ನು ಕೆಳಗಿಟ್ಟು, ಕೈ ತೊಳೆದು, ಒರೆಸಿಕೊಂಡು, ಎತ್ತಿದೆ. ಬೆಚ್ಚಗಿತ್ತು. ಮುರಿದ ದಂಟಿನ ತುದಿಯನ್ನು ತೋರುಬೆರಳಿನಿಂದ ಹುಡುಕಿದೆ. ಎಷ್ಟು ಹುಡುಕಿದರೂ ಚೂಪು ಸಿಗಲಿಲ್ಲ.